ಮೇಲಿನ ಮದ್ದು, ಕೆಳಗಿನ ಮದ್ದು

ನಮ್ಮೂರಿನಲ್ಲಿ ಗೋಲಿಸೋಡಾ ಮಾರುವವನಿಗೆ ಯಾರೂ ಅಂಗಡಿ ಬಾಡಿಗೆಗೆ ಕೊಡುವುದಿಲ್ಲ. ಅವನ ತಳ್ಳುಗಾಡಿ ಸೇತುವೆಯ ಆಚೆ, ಮನೆಗಳೆಲ್ಲ ಮುಗಿದ ಮೇಲೆ ನಿಂತಿರುತ್ತದೆ. ಅಷ್ಟು ದೂರ ನಡೆದುಹೋಗಿ ಕುಡಿದವರು ಬಯಲಿನ ಕಡೆ ಮುಖ ಮಾಡಿ ತೇಗುತ್ತಾರೆ, ಒಳಗಿನದೆಲ್ಲ ಬಂದು ಮುಗಿಯುವ ತನಕ ನಿಲ್ಲುತ್ತಾರೆ, ಆಮೇಲೆ ಬಾಯಿ ಒರೆಸಿಕೊಂಡು ಹಿಂತಿರುಗುತ್ತಾರೆ. ದಾರಿಯಲ್ಲಿ ಎದುರಾದವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಹಾಗೆ ಹೋಗಿಬರುವವರಲ್ಲಿ ಗಂಡಸರು ಕಡಿಮೆ. ಅವರಿಗೆ ಆ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಒಂದೊಂದು ಮನೆಗೆ ಒಂದು ಹೊಟ್ಟೆ. ತಪ್ಪು ಮಾಡಿದವರು ಆ ಹೊಟ್ಟೆಯ ಎದುರು ಬಂದು ನಿಂತು, ಇಂಥದ್ದು ಮಾಡಿದೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ, ‘ಹೊಟ್ಟೆಗೆ ಹಾಕ್ಕೋ’ ಅನ್ನುತ್ತಾರೆ. ಎದುರಿನವರು ‘ಹಾಕ್ಕೊಂಡೆ’ ಅನ್ನುತ್ತಾರೆ. ‘ಆಯ್ತು’, ‘ಬಿಡು’, ‘ಹೂಂ’ ಯಾವುದೂ ನಡೆಯುವುದಿಲ್ಲ. ‘ಹಾಕ್ಕೊಂಡೆ’ ಎಂದೇ ಹೇಳಬೇಕು. ಹೇಳಿದ ಮೇಲೆ ತಪ್ಪು ಮಾಡಿದವರು ಹಗುರಾಗಿ ಹೋಗಿ ಊಟಕ್ಕೆ ಕೂರುತ್ತಾರೆ. ಹಾಕಿಕೊಂಡವರು ಸೀರೆಯ ಗಂಟನ್ನು ಕೊಂಚ ಸಡಿಲಿಸಿಕೊಳ್ಳುತ್ತಾರೆ.

ಒಳಗೆ ಹೋದದ್ದು ಗಾಳಿಯಾಗಿ ಕೂರುತ್ತದೆ. ಕೆಳಗಿನಿಂದ ಹೋದರೆ ಬರೀ ಗಾಳಿ. ತಪ್ಪು ಅಲ್ಲಿಗೆ ಮುಗಿಯಿತು. ಮೇಲಿನಿಂದ ತೇಗಾಗಿ ಬಂದರೆ ಮಾತ್ರ ಹೇಳಿದವರ ದನಿಯಲ್ಲೇ, ಹೇಳಿದ ಮಾತಿನಲ್ಲೇ ಬರುತ್ತದೆ, ಎದುರಿಗೆ ಯಾರಿದ್ದರೂ ಸರಿ. ಹಾಗೆ ಹೊರಬಿದ್ದ ತಪ್ಪು ಮಾಡಿದವರ ಹೊಟ್ಟೆಗೇ ಹೋಗಿ ಕೂರುತ್ತದೆ, ಇನ್ನೊಬ್ಬರು ಯಾರಾದರೂ ಹಾಕಿಕೊಳ್ಳುವವರೆಗೆ. ಆದ್ದರಿಂದ ನಮ್ಮಲ್ಲಿ ಮದ್ದೂ ಎರಡು ಬಗೆ. ಓಮ, ಶುಂಠಿ, ನಿಂಬೆರಸಕ್ಕೆ ಕಪ್ಪುಪ್ಪು, ಸೋಡಾ, ಇವು ಮೇಲಿನ ಮದ್ದು. ಹೊಕ್ಕುಳ ಸುತ್ತ ಬೆಚ್ಚಗಿನ ಹರಳೆಣ್ಣೆ ತಿಕ್ಕುವುದು, ಎಡಮಗ್ಗುಲಾಗಿ ಮಲಗುವುದು, ಅಂಗಾತ ಮಲಗಿ ಮಂಡಿಯನ್ನು ಎದೆಗೆ ಒತ್ತಿಕೊಳ್ಳುವುದು, ಉಂಡ ಮೇಲೆ ಅಂಗಳದಲ್ಲಿ ಅಡ್ಡಾಡುವುದು, ಇವು ಕೆಳಗಿನ ಮದ್ದು. ಮರ್ಯಾದಸ್ಥರ ಮನೆಗಳಲ್ಲಿ ಕೆಳಗಿನ ಮದ್ದೇ ಆಗಬೇಕು. ಆದರೆ ಮರ್ಯಾದಸ್ಥರ ಮನೆಯ ಹೆಂಗಸು ನಾಲ್ಕು ಜನರಿರುವ ಕಡೆ ಕೆಳಗಿನಿಂದಲೂ ಬಿಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಿದ್ದರು.

ನಮ್ಮ ಮನೆಯ ಹೊಟ್ಟೆ ಅಂದರೆ ನನ್ನ ಅತ್ತೆ ಚಂಪಕಮ್ಮ. ನಾನು ಮದುವೆಯಾಗಿ ಬಂದಾಗಲೇ ಅವರಿಗೆ ತಮ್ಮ ಕಾಲು ತಮಗೆ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಅಡ್ಡಲಾಗಿ ದಾಟುತ್ತಿದ್ದರು. ಪರವೂರಿನ ಬಳೆಗಾರ್ತಿಯೊಬ್ಬಳು ಅವರ ಕೈ ಹಿಡಿದು, ‘ಎಷ್ಟು ತಿಂಗಳು ತಾಯಿ?’ ಎಂದು ಕೇಳಿ, ಮೇಲೆ ನೋಡಿ ಬಿಳಿಗೂದಲು ಕಂಡು ಬಳೆ ಎಣಿಸತೊಡಗಿದ್ದಳು. ಅವರ ಊಟ ಅಂದರೆ ಗಂಜಿ, ಇಂಗು ಜೀರಿಗೆ ಹಾಕಿದ ತಿಳಿಮಜ್ಜಿಗೆ. ಅವರೆಕಾಳು ಅಂದರೆ ಅವರಿಗೆ ಜೀವ. ಕಾಳಿನ ಕಾಲದಲ್ಲಿ ನಾನು ಸೊಗಡವರೆ ಬಿಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಸಿಪ್ಪೆಯನ್ನು ಮೂಸಿ ಕೆಳಗಿಡುತ್ತಿದ್ದರು. ‘ಒಂದು ಬಾಯಿಗೆ ಹಾಕ್ಕೊಳ್ಳಿ ಅತ್ತೆ’ ಅಂದರೆ, ‘ಜಾಗ ಎಲ್ಲಿದೆ ಕುಮುದಾ? ಎಲ್ಲ ಭರ್ತಿ’ ಅನ್ನುತ್ತಿದ್ದರು.

ಮಧ್ಯಾಹ್ನದ ಪಾತ್ರೆ ಮುಗಿದ ಮೇಲೆ ಅವರ ಹೊಟ್ಟೆಗೆ ಎಣ್ಣೆ ತಿಕ್ಕುವ ಕೆಲಸ ನನ್ನದು. ಬಲಗಡೆಯಿಂದ ಮೇಲಕ್ಕೆ, ಅಲ್ಲಿಂದ ಅಡ್ಡಕ್ಕೆ, ಎಡಗಡೆಯಿಂದ ಕೆಳಕ್ಕೆ, ಅಂಗೈ ಎತ್ತದೆ, ಅವಸರ ಮಾಡದೆ. ಮೇಲೆ ಬಿಸಿನೀರಿನ ಚೀಲ. ಚರ್ಮ ತಮಟೆಯ ಹಾಗೆ ಬಿಗಿದಿರುತ್ತಿತ್ತು. ತಿಕ್ಕುವಾಗ ಒಳಗೆ ಎಲ್ಲೋ ಯಾರೋ ಗೊಣಗಿದ ಹಾಗಾಗುತ್ತಿತ್ತು. ನಾನು ಕೈ ನಿಲ್ಲಿಸಿದರೆ, ‘ಏನಿಲ್ಲ, ನಿಮ್ಮ ಮಾವ’ ಅನ್ನುತ್ತಿದ್ದರು. ಮಾವ ತೀರಿಕೊಂಡು ವರ್ಷಗಳಾಗಿದ್ದವು.

ಹಾಗೆ ತಿಕ್ಕಿಸಿಕೊಳ್ಳುತ್ತ ಒಮ್ಮೊಮ್ಮೆ ಕಣ್ಣು ಬಿಟ್ಟು, ‘ನಿನ್ನನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ’ ಎಂದು ಶುರು ಮಾಡುತ್ತಿದ್ದರು. ಆ ಮಾತು ಯಾವುದೆಂದು ನನಗೆ ಗೊತ್ತಿತ್ತು. ಹಳೆಯ ಹೊಟ್ಟೆಗೆ ಆಗದೆ ಹೋದಾಗ ಅದು ಹೊಸ ಹೊಟ್ಟೆಯನ್ನು ಕೂರಿಸಿಕೊಂಡು ಕೇಳುತ್ತದೆ. ಹೊಸದು ‘ಹಾಕ್ಕೊಂಡೆ’ ಅಂದರೆ ಅವತ್ತಿನಿಂದ ಮನೆಯವರೆಲ್ಲ ಹೊಸದರ ಎದುರು ಬಂದು ನಿಲ್ಲುತ್ತಾರೆ. ಗಂಡ ಕೇಳಿದರೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದು. ಇವರು ಹೀಗೆ ಮಲಗಿ, ಹೀಗೆ ನೋಡುತ್ತ ಕೇಳಿದರೆ ಇಲ್ಲ ಅನ್ನಲು ನನ್ನಿಂದ ಆಗುತ್ತಿರಲಿಲ್ಲ. ‘ಎಡಮಗ್ಗುಲಾಗಿ ಅತ್ತೆ’ ಎಂದು ಅವರನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದೆ. ಅವರು ಗೋಡೆ ನೋಡುತ್ತ ಮಲಗಿರುತ್ತಿದ್ದರು.

ಗಂಡ ಪಶುಪತಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿ ಮನೆಗೆ ಅಂಟಿಕೊಂಡೇ ಇತ್ತು. ಊರಿನ ಹೆಂಗಸರು ಸೇತುವೆಯಾಚೆ ಹೋಗಲಾಗದ ದಿನ ಸೇರು ಗೋಧಿ ಹಿಡಿದು ನಮ್ಮ ಗಿರಣಿಗೆ ಬರುತ್ತಿದ್ದರು. ಕಲ್ಲು ತಿರುಗುವ ಸದ್ದಿನಲ್ಲಿ ಗೋಡೆಗೆ ಮುಖ ಮಾಡಿ ತೇಗಿಕೊಂಡು, ಹಿಟ್ಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡದೆ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಗಂಡ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಿದ್ದರು. ಆ ಹತ್ತಿಯಿಂದಾಗಿ ಅವರಿಗೆ ಊರಿನಲ್ಲಿ ಬಹಳ ಗೌರವ. ಅತ್ತೆ ಮಾತ್ರ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಗಿರಣಿ ಯಜಮಾನನ ತಾಯಿ ಬಂದು ಸರದಿಯಲ್ಲಿ ನಿಂತರೆ ಉಳಿದವರು ಏನಂದುಕೊಳ್ಳುತ್ತಾರೆ? ಮನೆಯ ಹತ್ತಿಯನ್ನು ಮನೆಯವರೇ ತೆಗೆದ ಹಾಗೆ, ಎಂದು ಗಂಡ ಹೇಳುತ್ತಿದ್ದರು. ಮನೆಗೆ ಬಂದ ಮೇಲೂ ಅವರು ಹತ್ತಿ ತೆಗೆಯುತ್ತಿರಲಿಲ್ಲ. ನಾನು ಊಟಕ್ಕೆ ಎರಡು ಸಲ ಕರೆಯಬೇಕಿತ್ತು.

ಈಚೆಗೆ ಅವರು ನನ್ನ ಮೇಲೂ ಪ್ರಯತ್ನ ಮಾಡುತ್ತಿದ್ದರು. ನಾನು ಒಲೆ ಮುಂದೆ ಇರುವಾಗ ಹಿಂದಿನಿಂದ ಬಂದು, ‘ಕುಮುದಾ, ನಿನ್ನ ತಮ್ಮ ಬಂದಿದ್ದಾಗ ನಾನು ಗಿರಣೀಲೇ ಇದ್ದೆ. ಇಲ್ಲ ಅಂತ ಹೇಳಿ ಕಳಿಸ್ದೆ. ಹೊಟ್ಟೆಗೆ ಹಾಕ್ಕೋ’ ಅನ್ನುವುದು.

‘ಇರಿ, ಸಾರು ಉಕ್ತಿದೆ.’

‘ಒಂದು ಮಾತು ಅನ್ನೋಕೆ ಎಷ್ಟು ಹೊತ್ತು ಬೇಕು?’

‘ಆಯ್ತು ಬಿಡಿ.’

‘ಹಾಗಂದ್ರೆ ಆಗಲ್ಲ ಅಂತ ನಿಂಗೂ ಗೊತ್ತು. ಅಮ್ಮಂಗೆ ಇನ್ನು ಆಗಲ್ಲ. ಈಗಿಂದ್ಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಕೊಂಡ್ರೆ ನಿಂಗೇ ಒಳ್ಳೇದು.’

ಅವರ ದನಿಯಲ್ಲಿ ಕಾಳಜಿಯೇ ಇತ್ತು. ಅದೇ ಸುಸ್ತು ಮಾಡುತ್ತಿದ್ದದ್ದು. ನಾನು ಸೌಟು ತಿರುಗಿಸುತ್ತಿದ್ದೆ. ಅವರು ಅಲ್ಲಿಂದ ನೇರ ಅತ್ತೆಯ ಕೋಣೆಗೆ ಹೋಗುತ್ತಿದ್ದರು. ಗೋಡೆಯಾಚೆಯಿಂದ ‘ಹಾಕ್ಕೊಂಡೆ ಕಣಪ್ಪ’ ಎಂಬ ಮಾತು ಕೇಳುತ್ತಿತ್ತು. ನಾನು ಬೇಡ ಅಂದದ್ದೆಲ್ಲ ಅಲ್ಲಿಗೇ ಹೋಗುತ್ತದೆಂದು ತಿಳಿದೂ ನಾನು ಬೇಡ ಅನ್ನುತ್ತಿದ್ದೆ. ಮಧ್ಯಾಹ್ನ ಎಣ್ಣೆಯನ್ನು ಇನ್ನಷ್ಟು ಹೊತ್ತು ತಿಕ್ಕುತ್ತಿದ್ದೆ.

ನಾದಿನಿ ಹೇಮಾಳನ್ನು ನೋಡಲು ಹೊಳೆಯಾಚೆಯ ಊರಿನವರು ಬರುತ್ತೇವೆಂದು ಹೇಳಿಕಳುಹಿಸಿದ ವಾರ ಅತ್ತೆಗೆ ಉಸಿರಾಡುವುದೇ ಕಷ್ಟವಾಗಿತ್ತು. ಕೂತರೆ ಎದೆಗೆ ಒತ್ತುತ್ತಿತ್ತು, ಮಲಗಿದರೆ ಗಂಟಲಿಗೆ. ‘ಕುಮುದಾ, ಒಂದು ಚಿಟಿಕೆ ಓಮ ಕೊಡೆ. ಒಂದೇ ಒಂದು ತೇಗು ಬಂದ್ರೆ ಬದುಕ್ಕೋತೀನಿ’ ಎಂದರು. ನಾನು ಡಬ್ಬಿಗೆ ಕೈ ಹಾಕಿದ್ದೆ. ಗಂಡ ಬಂದು ನನ್ನ ಕೈ ಹಿಡಿದರು. ಮನೆಯೊಳಗೆ ಅವರ ಕಿವಿಗೆ ಕೇಳಿಸುತ್ತಿದ್ದದ್ದು ಓಮ ಅನ್ನುವ ಮಾತು ಮಾತ್ರ.

‘ಹುಡುಗನ ಕಡೆಯವರು ಬಂದು ಹೋಗ್ಲಿ. ಆಮೇಲೆ ಸೇತುವೆಯಾಚೆಗೆ ಗಾಡಿ ಮಾಡಿಸ್ಕೊಂಡು ನಾನೇ ಕರ್ಕೊಂಡ್ಹೋಗ್ತೀನಿ.’

‘ಹೋದ ವರ್ಷಾನೂ ಅದನ್ನೇ ಅಂದಿದ್ರಿ.’

‘ಹೋದ ವರ್ಷ ಗಾಡಿ ಸಿಗ್ಲಿಲ್ಲ’ ಎಂದು ಹೇಳಿ, ಅತ್ತೆಯ ಕಡೆ ತಿರುಗಿ, ‘ಅಮ್ಮ, ಗಾಡಿ ಸಿಕ್ಕಿತ್ತು. ನಾನೇ ಬೇಡ ಅಂದೆ. ಹೊಟ್ಟೆಗೆ ಹಾಕ್ಕೋ’ ಎಂದರು. ಅತ್ತೆ ಹಾಕಿಕೊಂಡರು. ರವಿಕೆಯ ಕೊಕ್ಕೆಯೊಂದು ಕಿತ್ತು ನೆಲಕ್ಕೆ ಬಿದ್ದು ಉರುಳಿತು. ನಾನು ಅದನ್ನು ಹೆಕ್ಕಿ ಸೆರಗಿಗೆ ಸಿಕ್ಕಿಸಿಕೊಂಡೆ.

ಹುಡುಗನ ಕಡೆಯವರು ಬರುವ ದಿನಕ್ಕೆ ಗಂಡ ಒಂದು ಉಪಾಯ ಮಾಡಿದರು. ಗಿರಣಿಯ ಬಾಯಿಗೆ ಒಂದು ಮೂಟೆ ಹಳೆಯ ಜೋಳ ಸುರಿದು, ಅತಿಥಿಗಳು ಇರುವಷ್ಟು ಹೊತ್ತೂ ಓಡುತ್ತಿರಲಿ ಎಂದು ಬಿಟ್ಟರು. ಅಕಸ್ಮಾತ್ ಅತ್ತೆಗೆ ತೇಗು ಬಂದರೂ ಕಲ್ಲಿನ ಸದ್ದಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಅತ್ತೆಯನ್ನು ಅಡುಗೆಮನೆಯ ಹಜಾರದಲ್ಲಿ, ಪರದೆಯ ಹಿಂದೆ, ಸ್ಟೂಲಿನ ಮೇಲೆ ಕೂರಿಸಲು ನನಗೆ ಹೇಳಿ, ಅದಕ್ಕೂ ಅತ್ತೆಯಿಂದ ‘ಹಾಕ್ಕೊಂಡೆ’ ಅನ್ನಿಸಿಕೊಂಡರು. ತಿಂಡಿಗೆ ನಾನು ಅವರೆಕಾಳಿನ ಉಪ್ಪಿಟ್ಟು ಮಾಡಿದ್ದೆ. ಇಂಗಿನ ಒಗ್ಗರಣೆಯ ವಾಸನೆ ಹಜಾರ ತುಂಬಿತ್ತು. ಪಾಪ, ಅತ್ತೆ ಅದರ ನಡುವೆ ಕೂತಿದ್ದರು.

ಬಂದವರು ಮೂವರು. ಮಾತು ಕಡಿಮೆಯ ಹುಡುಗ, ಎತ್ತರದ ತಂದೆ, ಚೀಲವನ್ನು ತೊಡೆಯ ಮೇಲಿಂದ ಇಳಿಸದ ತಾಯಿ. ಹೊಳೆಯಾಚೆಯ ಊರಿನಲ್ಲಿ ಜನರ ಹೊಟ್ಟೆ ಬರೀ ಹೊಟ್ಟೆ. ಅಲ್ಲಿ ‘ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುವುದು ಬರೀ ಮಾತು. ಬಸ್ಸಿನಲ್ಲಿ ಭುಜ ತಾಗಿದರೂ ಅನ್ನುತ್ತಾರಂತೆ. ನಾವು ಆ ಬಗ್ಗೆ ಅವರಿಗೆ ಮೊದಲೇ ಒಂದು ಮಾತು ಹೇಳಿಡಬೇಕಿತ್ತು. ಅದು ಹೇಳಬೇಕಾದ ವಿಷಯ ಎಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

‘ಹುಡುಗಿಗೆ ಹಾಡು ಬರುತ್ತಾ?’ ಎಂದು ತಂದೆ ಗಿರಣಿಯ ಸದ್ದಿನ ಮೇಲೆ ಕೂಗಿ ಕೇಳಿದರು.

‘ಹಾಲು ಇದೆ, ಕಾಫಿ ಬರ್ತಿದೆ’ ಎಂದು ನನ್ನ ಗಂಡ ಕೂಗಿದರು.

‘ಏನು ಇಷ್ಟು ಸದ್ದು?’

‘ಸೀಜನ್ನು, ಸೀಜನ್ನು.’

ಹೇಮಾ ಕಾಫಿ ಕೊಟ್ಟಳು. ಹುಡುಗ ಲೋಟ ತೆಗೆದುಕೊಳ್ಳುವಾಗ ಏನೋ ಕೇಳಿದ, ಅವಳು ಕೇಳಿಸದಿದ್ದರೂ ತಲೆಯಾಡಿಸಿದಳು. ಎಲ್ಲರೂ ತಿಂಡಿ ತಿಂದರು. ತಂದೆ ಕೈ ತೊಳೆಯಲು ಎದ್ದರು. ಹಿತ್ತಿಲ ಬಾಗಿಲಿಗೆ ಹಜಾರ ದಾಟಿಯೇ ಹೋಗಬೇಕು. ನಾನು ಬಚ್ಚಲು ಆ ಕಡೆ ಇದೆ ಎಂದು ಕೈ ತೋರಿಸುವಷ್ಟರಲ್ಲಿ ಅವರು ಪರದೆ ಸರಿಸಿದ್ದರು.

ಅಷ್ಟು ಹೊತ್ತಿಗೆ ಕರೆಂಟ್ ಹೋಯಿತು. ಕಲ್ಲು ಒಂದೆರಡು ಸುತ್ತು ತಿರುಗಿ ನಿಂತಿತು. ಆ ಮನೆಯಲ್ಲಿ ಅಂಥ ಸದ್ದಿಲ್ಲದ ಗಳಿಗೆಯನ್ನು ನಾನು ಕೇಳಿಯೇ ಇರಲಿಲ್ಲ. ಅರೆಗತ್ತಲಿನಲ್ಲಿ ಆ ಎತ್ತರದ ಮನುಷ್ಯ ಮುಂದಿಟ್ಟ ಕಾಲು ಅತ್ತೆಯ ಕಾಲಿನ ಮೇಲೆ ಬಿತ್ತು. ತಮ್ಮ ಕಾಲು ತಮಗೆ ಕಾಣದ ಅತ್ತೆ ಅದನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ.

‘ಅಯ್ಯೋ, ಕಾಲು ತುಳಿದ್ಬಿಟ್ಟೆ ತಾಯಿ. ಕಾಣಲಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ.’

ನಡುಮನೆಯಲ್ಲಿ ನನ್ನ ಗಂಡ ಎದ್ದು ನಿಂತದ್ದು ಕುರ್ಚಿಯ ಸದ್ದಿನಿಂದ ತಿಳಿಯಿತು. ನಾನು, ಅತ್ತೆ ಬೇಡ, ಅನ್ನುವಷ್ಟರಲ್ಲಿ ಜೀವಮಾನದ ಅಭ್ಯಾಸ ಅವರ ಬಾಯಿಂದ ಬಂದುಬಿಟ್ಟಿತ್ತು. ‘ಅದಕ್ಕೇನಪ್ಪ. ಹಾಕ್ಕೊಂಡೆ.’

ಅದಕ್ಕೆ ಒಳಗೆ ಜಾಗವಿರಲಿಲ್ಲ. ಅತ್ತೆ ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡರು. ಕುತ್ತಿಗೆ ಉದ್ದವಾಯಿತು. ಮೊದಲು ಬಂದದ್ದು ಆ ಅತಿಥಿಯದೇ ದನಿ: ‘ಕಾಲು ತುಳಿದ್ಬಿಟ್ಟೆ ತಾಯಿ.’ ಹುಡುಗನ ತಂದೆ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಅದರ ಹಿಂದೆಯೇ ನನ್ನ ಗಂಡನದು: ‘ಅಮ್ಮ, ಅವರಿರೋವಷ್ಟು ಹೊತ್ತು ಪರದೆ ಹಿಂದೆ ಇರು. ನಿನ್ನ ಹೊಟ್ಟೆ ನೋಡಿದ್ರೆ ಈ ಮನೇಲಿ ಏನೇನು ನಡೆದಿದೆಯೋ ಅಂದ್ಕೋತಾರೆ.’ ಆಮೇಲೆ, ‘ಗಾಡಿ ಸಿಕ್ಕಿತ್ತು. ನಾನೇ ಬೇಡ ಅಂದೆ.’ ಆಮೇಲೆ ಹೇಮಾಳದು, ಸಣ್ಣಗೆ: ‘ಹುಡುಗನ ಫೋಟೋ ನೋಡ್ದೆ ಅಂತ ಸುಳ್ಳು ಹೇಳ್ದೆ ಅಮ್ಮ. ಕವರ್ರೇ ಒಡೆದಿಲ್ಲ.’

‘ಕುಮುದಾ, ಬಾಯಿ ಮುಚ್ಚು ಅಮ್ಮಂದು’ ಎಂದು ಗಂಡ ಹಜಾರಕ್ಕೆ ನುಗ್ಗಿದರು. ನಾನು ದಾರಿಯಲ್ಲಿ ನಿಂತಿದ್ದೆ. ನಿಲ್ಲಬೇಕೆಂದು ನಿಂತದ್ದಲ್ಲ, ಸರಿಯಲಿಲ್ಲ, ಅಷ್ಟೇ. ಅವರ ಹಿಂದಿನಿಂದ ಹುಡುಗನ ತಾಯಿ ಬಂದರು. ಚೀಲವನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಬೆನ್ನ ಹಿಂದೆ ಹೋಗಿ, ಹಾಲು ಕುಡಿದ ಮಗುವಿಗೆ ತಟ್ಟುವ ಹಾಗೆ ತಟ್ಟತೊಡಗಿದರು. ‘ಬರ್ಲಿ, ಬರ್ಲಿ. ತಡೀಬೇಡಿ. ನಮ್ಮಮ್ಮಂಗೂ ಹಿಂಗೇ ಗ್ಯಾಸು’ ಎಂದರು. ಅವರಿಗೆ ಏನು ಅರ್ಥವಾಗಿತ್ತೋ ಗೊತ್ತಿಲ್ಲ.

ಬಂದವು. ಒಂದರ ಮೇಲೊಂದು, ಹೊಸದರಿಂದ ಹಳೆಯದಕ್ಕೆ. ಒಡೆದ ಭರಣಿಗಳು, ಆಡಿದ ಚಾಡಿಗಳು, ಹಬ್ಬದ ದಿನ ಎಸೆದ ತಟ್ಟೆ. ಗಂಡನ ದನಿ ಒಡೆದು, ಎಳೆಯದಾಗಿ, ಕೊನೆಗೆ ಪುಟ್ಟ ಬಾಲಕನ ದನಿಯಾಯಿತು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ನಾನು ಫೋಟೋದಲ್ಲಷ್ಟೇ ನೋಡಿದ್ದ ಮಾವನ ದನಿ ಬಂತು, ಒರಟಾಗಿ, ಸ್ವಲ್ಪ ಮುಜುಗರದಿಂದ: ‘ಚಂಪಕಾ, ನಿಮ್ಮಪ್ಪ ಹೋದ ಸುದ್ದಿ ಹಬ್ಬದ ಮುಂಚೇನೇ ಬಂದಿತ್ತು. ಗಿರಣಿ ತುಂಬ ಕೆಲಸ ಇತ್ತು. ನೀನು ಹೊರಟುಬಿಡ್ತೀಯ ಅಂತ ಹಬ್ಬ ಆದ್ಮೇಲೆ ಹೇಳ್ದೆ.’

ಅತ್ತೆಯ ಕಣ್ಣಿನಲ್ಲಿ ನೀರಿತ್ತು. ತೇಗಿನಿಂದ ಬಂದ ನೀರಿರಬಹುದು. ಬೆನ್ನು ತಟ್ಟುತ್ತಿದ್ದ ಕೈ ಒಂದು ಗಳಿಗೆ ನಿಂತು, ಮತ್ತೆ ನಿಧಾನಕ್ಕೆ ತಟ್ಟಿತು.

ಕೊನೆಗೆ, ಎಲ್ಲದರ ತಳದಿಂದ, ಒಬ್ಬ ಮುದುಕಿಯ ದನಿ ಬಂತು. ಅದು ಯಾರದೆಂದು ಅತ್ತೆಯೊಬ್ಬರಿಗೇ ಗೊತ್ತಿತ್ತು. ಆದರೆ ಮಾತು ಕೇಳಿದ ಮೇಲೆ ನನಗೂ ತಿಳಿಯಿತು. ಅವರ ಅತ್ತೆ. ‘ನನ್ನ ಕೈಲಿ ಇನ್ನು ಆಗಲ್ಲ ಮಗಳೇ. ನೀನಿನ್ನೂ ಚಿಕ್ಕವಳು, ಪಾಪ ಅನ್ಸುತ್ತೆ. ಆದ್ರೂ ಕೇಳ್ತಿದೀನಿ.’

ಅದಾದ ಮೇಲೆ ಬರೀ ಗಾಳಿ ಬಂತು. ಆಮೇಲೆ ಅದೂ ನಿಂತಿತು.

ಅತಿಥಿಗಳು ಇನ್ನಷ್ಟು ಹೊತ್ತು ಕೂತು, ಸಭ್ಯರಾಗಿ, ಹೊಳೆಯ ನೀರಿನ ಬಗ್ಗೆ ಮಾತಾಡಿ ಎದ್ದರು. ಹೊರಡುವಾಗ ಹುಡುಗನ ತಾಯಿ ಚೀಲ ತೆರೆದು ಒಂದು ಫೋಟೋ ತೆಗೆದು ಹೇಮಾಳ ಕೈಗಿಟ್ಟರು. ‘ಇದಕ್ಕೆ ಕವರ್ ಇಲ್ಲ’ ಎಂದರು. ಹುಡುಗ ಮೊದಲ ಸಲ ನಕ್ಕ. ಅದರ ಮುಂದೆ ಏನಾಗುತ್ತದೋ ಅವರಿಗೆ ಬಿಟ್ಟದ್ದು.

ಅತ್ತೆಯನ್ನು ಎಬ್ಬಿಸಲು ಹೋದಾಗ ಸೀರೆ ಸೊಂಟದಲ್ಲಿ ನಿಲ್ಲಲಿಲ್ಲ. ನನ್ನದೊಂದು ಲಂಗದ ಲಾಡಿ ತಂದು ಬಿಗಿದು ಕಟ್ಟಿದೆ. ಅವರು ತಲೆ ಬಗ್ಗಿಸಿ ತಮ್ಮ ಕಾಲನ್ನು ನೋಡಿಕೊಂಡರು. ಬೆರಳಾಡಿಸಿದರು. ‘ಉಗುರು ಎಷ್ಟು ಬೆಳೆದಿದೆ ನೋಡು’ ಎಂದರು. ಆಮೇಲೆ, ‘ಆ ಉಪ್ಪಿಟ್ಟು ಉಳಿದಿದೆಯಾ?’

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಇಬ್ಬರೂ ತಟ್ಟೆ ಹಾಕಿಕೊಂಡೆವು. ಅವರು ಕಾಳನ್ನೇ ಆರಿಸಿ ಆರಿಸಿ ತಿಂದರು. ‘ಇಷ್ಟು ಅವರೆಕಾಳು ತಿಂದ್ರೆ ಗ್ಯಾಸಾಗುತ್ತೆ ಅತ್ತೆ’ ಎಂದೆ. ‘ಆಗ್ಲಿ. ನನ್ನದೇ ಆಗುತ್ತಲ್ಲ’ ಎಂದರು. ಇನ್ನೊಂದು ತುತ್ತು ತಿಂದು, ‘ನಿನ್ನನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ’ ಎಂದರು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಅವರು ನನ್ನನ್ನು ಒಂದಷ್ಟು ಹೊತ್ತು ನೋಡಿದರು. ‘ಇದಕ್ಕೆ ಶುಂಠಿ ಹಾಕಿದ್ಯಾ, ಇಲ್ವಾ?’

‘ಹಾಕಿದೀನಿ ಅತ್ತೆ.’

‘ಅದೇ. ಚೆನ್ನಾಗಿದೆ.’

ಆಗ ಗಂಡ ಬಾಗಿಲಿಗೆ ಬಂದು ನಿಂತರು. ಕಿವಿಯ ಹತ್ತಿ ಬಿದ್ದುಹೋಗಿತ್ತು. ಅಂಗಿಯ ಗುಂಡಿಗಳು ಎಳೆದು ನಿಂತಿದ್ದವು, ಒಂದು ಕೈ ಹೊಟ್ಟೆಯ ಮೇಲಿತ್ತು, ಮುಖದಲ್ಲಿ ಆಶ್ಚರ್ಯವಿತ್ತು. ಪಾಪ, ಅವರಿಗೆ ಅದೇ ಮೊದಲು. ‘ಕುಮುದಾ’ ಎಂದರು, ‘ಆಗಿದ್ದು ಆಗ್ಹೋಯ್ತು. ಅಮ್ಮನ್ನ ಪರದೆ ಹಿಂದೆ ಕೂರಿಸ್ದೆ. ಗಾಡಿ ಬೇಡ ಅಂದೆ. ಇನ್ನೂ ಏನೇನೋ ಇದೆ, ಎಲ್ಲ ಸೇರಿಸಿ ಹೇಳ್ತಿದೀನಿ. ಹೊಟ್ಟೆಗೆ ಹಾಕ್ಕೋ.’

ನಾನು ತುತ್ತು ಕಲಸಿದೆ. ಇರಿ ಎಂದೋ, ಸಾರು ಉಕ್ಕುತ್ತಿದೆ ಎಂದೋ ಹೇಳಲು ಒಲೆಯ ಮೇಲೆ ಏನೂ ಇರಲಿಲ್ಲ. ‘ಆಗಲ್ಲ ರೀ’ ಎಂದೆ.

‘ಆಗಲ್ಲ ಅಂದ್ರೆ?’

‘ಉಪ್ಪಿಟ್ಟು ತಿಂದಿದೀನಿ. ಹೊಟ್ಟೆ ತುಂಬಿದೆ.’

ಅವರು ನಂಬದವರ ಹಾಗೆ ನಿಂತರು. ಆಮೇಲೆ ಕಣ್ಣು ನಿಧಾನವಾಗಿ ಅತ್ತೆಯ ಕಡೆ ಹೊರಳಿತು. ಖಾಲಿಯಾದ, ಲಾಡಿ ಬಿಗಿದ ಆ ಹೊಟ್ಟೆಯ ಮೇಲೆ ನಿಂತಿತು. ‘ಅಮ್ಮ’ ಎಂದರು.

ಅತ್ತೆ ತಲೆಯೆತ್ತಿದರು. ಆ ದನಿಗೆ ಅವರ ಮುಖ ಹೇಗೆ ಮೃದುವಾಗುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಆಗಲೇ ತೆರೆಯತೊಡಗಿತ್ತು. ನಾನು ಕಲಸಿದ ತುತ್ತು ನನ್ನ ಕೈಯಲ್ಲೇ ಇತ್ತು. ಅದನ್ನು ಅವರ ಬಾಯಿಗಿಟ್ಟೆ. ದೊಡ್ಡ ತುತ್ತು, ಕಾಳು ಜಾಸ್ತಿ. ಅವರು ನನ್ನನ್ನು ನೋಡಿದರು, ಮಗನನ್ನು ನೋಡಿದರು, ಅಗಿಯತೊಡಗಿದರು. ಹಲ್ಲು ಕಡಿಮೆಯಿದ್ದದ್ದರಿಂದ ನಿಧಾನಕ್ಕೆ ಅಗಿಯಬೇಕಿತ್ತು. ಗಂಡ ಕಾದರು. ಅತ್ತೆ ಅಗಿಯುತ್ತಲೇ ಇದ್ದರು. ನುಂಗುವ ಮೊದಲೇ ತಾವೇ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು.

‘ಓಮದ ಡಬ್ಬಿ ಯಾವ್ದು?’ ಎಂದು ಕೊನೆಗೆ ಗಂಡ ಕೇಳಿದರು.

‘ಅಲ್ಲೇ ಸಾಲಲ್ಲಿದೆ. ನೋಡ್ಕೊಳ್ಳಿ.’

ಅವರು ನಮ್ಮನ್ನು ದಾಟಿ ಗೂಡಿನ ಹತ್ತಿರ ಹೋದರು. ಒಂದು ಡಬ್ಬಿ ತೆರೆದು ಮೂಸಿದರು, ಮುಚ್ಚಿದರು. ಇನ್ನೊಂದು ತೆರೆದರು. ಜೀರಿಗೆಯನ್ನು ಓಮವೆಂದುಕೊಂಡು ಅಂಗೈಗೆ ಸುರಿದುಕೊಂಡದ್ದು ನಮಗೆ ಕಾಣುತ್ತಿತ್ತು. ಹೇಳಲು ಒಂದೇ ಮಾತು ಸಾಕಿತ್ತು. ಅತ್ತೆಯ ಬಾಯಿ ತುಂಬಿತ್ತು. ನಾನು ಬಾಣಲೆಯ ತಳ ಕೆರೆದು, ಹತ್ತಿಕೊಂಡಿದ್ದ ಕರುಕಲನ್ನು ಅವರ ತಟ್ಟೆಗೂ ನನ್ನ ತಟ್ಟೆಗೂ ಹಂಚಿದೆ.